ಒಂದೆಳೆ ಕೂದಲು, ಸೆರಗಿನ ಅಂಚು



ಒಂದು ಹಳೆಯ ಕಾಗದದಿಂದ ಮಾತು ಶುರುಮಾಡುತ್ತೇನೆ. ಕಾಗದ ಎಂದರೆ ಮಣ್ಣಿನ ಹಲಗೆ. ಹಸಿ ಜೇಡಿಮಣ್ಣಿನ ಮೇಲೆ ಮೊಳೆಯಾಕಾರದ ಅಕ್ಷರಗಳನ್ನು ಒತ್ತಿ ಬರೆದದ್ದು. ಬರೆಸಿದವಳು ಶಿಬ್ತು ಎಂಬ ರಾಣಿ. ಓದಬೇಕಾದವನು ಅವಳ ಗಂಡ ಜಿಮ್ರಿ-ಲಿಮ್, ಯೂಫ್ರೆಟಿಸ್ ನದಿಯ ದಂಡೆಯ ಮೇಲಿದ್ದ ಮಾರಿ ಎಂಬ ರಾಜ್ಯದ ದೊರೆ. ಕ್ರಿ.ಪೂ. 18ನೆಯ ಶತಮಾನದವನು. ಹೆಸರು ಕೇಳಿ ನಮ್ಮೂರ ಮಾರಿಯನ್ನು ನೆನೆಯಬೇಡಿ, ಎರಡಕ್ಕೂ ಸಂಬಂಧವಿಲ್ಲ. ಇಂದಿನ ಸಿರಿಯಾ ದೇಶದಲ್ಲಿರುವ ಆ ಊರಿನ ದಿಬ್ಬವನ್ನು ಫ್ರೆಂಚ್ ಪುರಾತತ್ವಜ್ಞ ಆಂದ್ರೆ ಪಾರೋ 1933ರಿಂದ ಅಗೆಸಿದಾಗ ಅರಮನೆಯ ಕೋಣೆಗಳಲ್ಲಿ ಇಂಥ 20,000ಕ್ಕೂ ಹೆಚ್ಚು ಹಲಗೆಗಳು ಸಿಕ್ಕವು.

ರಾಣಿ ಬರೆಸಿದ್ದು ಇಷ್ಟು. ಅರಮನೆ ಕ್ಷೇಮವಾಗಿದೆ. ಊರಿನ ಅನ್ನುನೀತುಮ್ ದೇವಿಯ ಗುಡಿಯಲ್ಲಿ ಅಹಾತುಮ್ ಎಂಬವಳ ಮೈಮೇಲೆ ದೇವಿ ಬಂದಳು. ಅಹಾತುಮ್ ಯಾರು? ದಗನ್-ಮಲಿಕ್ ಎಂಬುವವನ ಮನೆಯ ಆಳುಮಗಳು. ನೀನು ನನ್ನನ್ನು ಮರೆತರೂ ನಾನು ನಿನ್ನ ಕೈಬಿಡುವುದಿಲ್ಲ, ಶತ್ರುಗಳನ್ನು ನಿನ್ನ ವಶಕ್ಕೆ ಕೊಡುತ್ತೇನೆ ಎಂಬ ಅರ್ಥದ ಮಾತನ್ನು ಅವಳ ಬಾಯಲ್ಲಿ ದೇವಿ ದೊರೆಗೆ ಹೇಳಿದಳು. ಇದಾದ ಮೇಲೆ ಬರುವ ಸಾಲು ನನ್ನನ್ನು ಬಹಳ ಕಾಲದಿಂದ ಕಾಡಿದೆ. ಆ ಹೆಂಗಸಿನ ಕೂದಲನ್ನೂ ಅವಳ ಬಟ್ಟೆಯ ಅಂಚನ್ನೂ ಈ ಕಾಗದದ ಜೊತೆ ಕಳಿಸಿದ್ದೇನೆ ಎನ್ನುತ್ತಾಳೆ ರಾಣಿ.

ಕೂದಲು ಯಾಕೆ, ಬಟ್ಟೆ ಯಾಕೆ? ದೇವಿಯೇ ನುಡಿದಳೋ ಹೆಂಗಸು ತಾನೇ ಕಟ್ಟಿ ಆಡಿದಳೋ ಎಂದು ಪರೀಕ್ಷೆ ಮಾಡಬೇಕಿತ್ತು. ಕುರಿ ಕೊಯ್ದು ಅದರ ಕರುಳು, ಯಕೃತ್ತುಗಳ ಮೇಲಿನ ಗುರುತು ಓದುವ ಪಂಡಿತರು ದೊರೆಯ ಬಳಿ ಇದ್ದರು. ನಮ್ಮಲ್ಲಿ ದೇವರ ಮೇಲೆ ಹೂ ಇಟ್ಟು ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ನೋಡುವುದಿಲ್ಲವೆ, ಹಾಗೆ. ಅವಳನ್ನೇ ಅಲ್ಲಿಗೆ ಕರೆತರುವ ಬದಲು ಅವಳ ಮೈಯ ತುಣುಕನ್ನು ಮುಂದಿಟ್ಟು ಕೇಳುತ್ತಿದ್ದರು. ಗಂಡಸರು ನುಡಿದಾಗಲೂ ಅವರ ಕೂದಲು, ಬಟ್ಟೆಯಂಚು ಹೋದದ್ದುಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಒಬ್ಬ ಆಳುಮಗಳು ದೊರೆಯ ಹೆಸರು ಹಿಡಿದು ಮಾತಾಡಿದ ದಿನ, ಅವಳ ಮಾತಿನ ಬೆನ್ನಿಗೇ ಅವಳ ಕೂದಲೂ ಸೆರಗೂ ಪ್ರಯಾಣ ಹೊರಟವು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮಾತು ದೇವಿಯದು, ಅದರ ಜಾಮೀನು ಮಾತ್ರ ಹೆಂಗಸಿನ ಮೈ. ಬೇರೆ ಬೇರೆ ನಾಡುಗಳಲ್ಲಿ ಈ ಜಾಮೀನನ್ನು ಹೇಗೆ ಹೇಗೆ ವಸೂಲು ಮಾಡಿದರು ಎಂಬುದೇ ಇವತ್ತಿನ ನನ್ನ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಳೆ ನಡೆಯುವುದನ್ನು ಯಾರಾದರೂ ಇವತ್ತೇ ಕಂಡು ಹೇಳಬಲ್ಲರು ಎಂದು ನಾನು ನಂಬುವವನಲ್ಲ. ಹಾಗೆಂದು ಕಣಿ ಹೇಳಿದ ಹೆಂಗಸರೆಲ್ಲ ಮೋಸಗಾರ್ತಿಯರು, ಕೇಳಿದವರೆಲ್ಲ ದಡ್ಡರು ಎಂದು ಬರೆದುಬಿಟ್ಟರೆ ಸಾವಿರಾರು ವರ್ಷ ಹೆಣ್ಣಿನ ಮಾತಿಗೆ ಸಭೆಯಲ್ಲಿ ಜಾಗ ಸಿಕ್ಕಿದ್ದ ಒಂದೇ ಒಂದು ಬಾಗಿಲನ್ನು ನಾವು ನೋಡದೆಯೇ ದಾಟಿಹೋದಂತಾಗುತ್ತದೆ.

ಗ್ರೀಸ್ ದೇಶದ ಡೆಲ್ಫಿಗೆ ಬನ್ನಿ. ಪರ್ನಾಸಸ್ ಬೆಟ್ಟದ ಇಳಿಜಾರಿನಲ್ಲಿ ಅಪೊಲೊ ದೇವರ ಗುಡಿ. ಒಳಗೆ ಮುಕ್ಕಾಲಿ ಪೀಠದ ಮೇಲೆ ಕೂತು ನುಡಿಯುವವಳಿಗೆ ಪಿಥಿಯಾ ಎಂದು ಹೆಸರು. ತಿಂಗಳಿಗೆ ಒಂದೇ ದಿನ, ಏಳನೆಯ ದಿನ, ಅವಳು ಕೂರುತ್ತಿದ್ದಳು. ಚಳಿಗಾಲದ ಮೂರು ತಿಂಗಳು ದೇವರು ಊರಲ್ಲಿಲ್ಲವೆಂದು ಬಾಗಿಲು ಮುಚ್ಚುತ್ತಿತ್ತು. ದಂಡಯಾತ್ರೆ, ಹೊಸ ಊರು ಕಟ್ಟುವುದು, ಮಕ್ಕಳಾಗದ ಚಿಂತೆ, ಎಲ್ಲಕ್ಕೂ ಅವಳ ಮುಂದೆ ಸಾಲು. ಮೊದಮೊದಲು ಕನ್ಯೆಯರನ್ನೇ ಕೂರಿಸುತ್ತಿದ್ದರಂತೆ. ಥೆಸ್ಸಲಿಯ ಒಬ್ಬನು ಅಂಥ ಹುಡುಗಿಯನ್ನು ಹೊತ್ತೊಯ್ದು ಕೆಡಿಸಿದ ಮೇಲೆ, 50 ದಾಟಿದ ಹೆಂಗಸನ್ನು ಕನ್ಯೆಯ ಉಡುಪು ತೊಡಿಸಿ ಕೂರಿಸಬೇಕೆಂದು ಕಟ್ಟು ಮಾಡಿದರು ಎಂದು ಹಳೆಯ ಇತಿಹಾಸಕಾರ ಡಿಯೊಡೊರಸ್ ಬರೆಯುತ್ತಾನೆ. ತಪ್ಪು ಮಾಡಿದವನು ಥೆಸ್ಸಲಿಯವನು, ವೇಷ ಬದಲಾದದ್ದು ಪಿಥಿಯಾಳದು.

ಬಹಳ ಕಾಲ ಪಂಡಿತರು ಹೇಳಿಕೊಂಡು ಬಂದದ್ದೇನು? ಪಿಥಿಯಾ ಏನೋ ಬಡಬಡಿಸುತ್ತಿದ್ದಳು, ಗಂಡು ಪೂಜಾರಿಗಳು ಅದಕ್ಕೆ ಅರ್ಥ ಕೊಟ್ಟು ಛಂದಸ್ಸಿಗೆ ಕೂರಿಸುತ್ತಿದ್ದರು ಎಂದು. 1978ರಲ್ಲಿ ಜೋಸೆಫ್ ಫಾಂಟೆನ್‌ರೋಸ್, ಮುಂದೆ 1995ರಲ್ಲಿ ಲೀಸಾ ಮೌರಿಜಿಯೊ ಹಳೆಯ ಗ್ರೀಕ್ ಬರಹಗಳನ್ನೆಲ್ಲ ಮತ್ತೆ ಓದಿ, ಹಾಗೆನ್ನಲು ಆಧಾರವಿಲ್ಲ ಎಂದರು. ಇತಿಹಾಸಕಾರ ಹೆರೊಡೊಟಸ್ ಎಲ್ಲೆಲ್ಲೂ ಪಿಥಿಯಾ ಹೇಳಿದಳು ಎಂದೇ ಬರೆಯುತ್ತಾನೆ, ಕೆಲವೆಡೆ ಹೆಸರನ್ನೂ ಕೊಡುತ್ತಾನೆ. ಪರ್ಷಿಯದ ದಂಡು ಬರುತ್ತಿದ್ದಾಗ ಮರದ ಗೋಡೆಯೊಂದೇ ಉಳಿಯುತ್ತದೆ ಎಂದು ಅಥೆನ್ಸಿನವರಿಗೆ ನುಡಿದವಳು ಅರಿಸ್ಟೊನಿಕೆ. ಮರದ ಗೋಡೆಯೆಂದರೆ ಹಡಗುಗಳೇ ಎಂದು ಅವರ ನಾಯಕ ಥೆಮಿಸ್ಟೊಕ್ಲೀಸ್ ಅರ್ಥ ಮಾಡಿದ, ಕ್ರಿ.ಪೂ. 480ರಲ್ಲಿ ಸಲಾಮಿಸ್ ಸಮುದ್ರದಲ್ಲಿ ಗೆದ್ದರು. ಸ್ಪಾರ್ಟಾದ ದೊರೆಯೊಬ್ಬನ ಪರವಾಗಿ ಸುಳ್ಳು ನುಡಿದಳೆಂಬ ಆರೋಪದಲ್ಲಿ ಕೆಲಸ ಕಳೆದುಕೊಂಡವಳು ಪೆರಿಯಲ್ಲಾ. ತಪ್ಪಿಗೆ ಹೊಣೆ ಅವಳಾದರೆ ನುಡಿಯೂ ಅವಳದೇ ಅಲ್ಲವೆ? ಬಂಡೆಯ ಬಿರುಕಿನಿಂದ ಅನಿಲ ಬರುತ್ತಿತ್ತು, ಅದನ್ನು ಕುಡಿದು ಮಾತಾಡುತ್ತಿದ್ದಳು ಎಂಬ ಭೂವಿಜ್ಞಾನದ ಚರ್ಚೆಯೂ ಈಚೆಗೆ ನಡೆದಿದೆ. ಅದರಲ್ಲಿ ನನಗೆ ಆಸಕ್ತಿ ಕಡಿಮೆ. ಅನಿಲ ಕುಡಿದವರೆಲ್ಲ ಅಥೆನ್ಸಿನ ಹಣೆಬರಹ ಬದಲಿಸುವ ಮಾತಾಡುವುದಿಲ್ಲ.

ನನ್ನ ಮನಸ್ಸು ನಿಲ್ಲುವುದು ಹೆಸರಿಲ್ಲದ ಇನ್ನೊಬ್ಬ ಪಿಥಿಯಾಳ ಬಳಿ. ಕ್ರಿ.ಶ. ಒಂದನೆಯ ಶತಮಾನದ ಕೊನೆಯಲ್ಲಿ ಪ್ಲುಟಾರ್ಕ್ ಅದೇ ಗುಡಿಯ ಪೂಜಾರಿಯಾಗಿದ್ದ. ತನ್ನ ಕಾಲದ ಪಿಥಿಯಾ ಬಡ ರೈತನ ಮನೆಯಲ್ಲಿ ಬೆಳೆದವಳು, ಯಾವ ವಿದ್ಯೆಯ ಗರ್ವವೂ ಇಲ್ಲದವಳು ಎಂದು ಒಂದು ಕಡೆ ಬರೆದಿದ್ದಾನೆ. ಇನ್ನೊಂದು ಕಡೆ ಈ ಪ್ರಸಂಗ ಬರುತ್ತದೆ. ಕಣಿ ಕೇಳುವ ಮುನ್ನ ಹೋತದ ಮೇಲೆ ತಣ್ಣೀರು ಸುರಿಯುವುದು ಪದ್ಧತಿ. ಹೋತ ಮೈಯೆಲ್ಲ ನಡುಗಿದರೆ ದೇವರ ಒಪ್ಪಿಗೆ. ನಮ್ಮ ಹಳ್ಳಿಗಳಲ್ಲಿ ಹರಕೆ ಕುರಿಗೆ ನೀರು ಹಾಕಿ, ಮೈ ಒದರಲಿ ಎಂದು ಕಾಯುವುದನ್ನು ಕಂಡವರು ನಿಮ್ಮಲ್ಲಿ ಇದ್ದೀರಿ. ಆ ದಿನ ಹೋತ ನಡುಗಲಿಲ್ಲ. ದೂರದಿಂದ ದೊಡ್ಡ ಜನ ಬಂದಿದ್ದರು, ಅವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಪೂಜಾರಿಗಳು ನೀರಿನ ಮೇಲೆ ನೀರು ಸುರಿದರು. ಕೊನೆಗೆ ಅದು ಹೇಗೋ ನಡುಗಿತು. ಮನಸ್ಸಿಲ್ಲದೆ ಒಳಗಿಳಿದ ಪಿಥಿಯಾಳ ದನಿ ಮೊದಲ ಮಾತಿಗೇ ಕರ್ಕಶವಾಯಿತು. ಚೀರುತ್ತ ಬಾಗಿಲ ಕಡೆ ಓಡಿಬಂದು ಬಿದ್ದಳು. ಕಣಿ ಕೇಳಲು ಬಂದವರ ಜೊತೆ ಪೂಜಾರಿಗಳೂ ಹೆದರಿ ಓಡಿದರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಎತ್ತಿಕೊಂಡಾಗ ಪ್ರಜ್ಞೆ ಇತ್ತು. ಕೆಲವೇ ದಿನ ಬದುಕಿದ್ದಳು. ಪ್ಲುಟಾರ್ಕ್ ಇದನ್ನು ದೇವರು, ಆವೇಶ, ಶಕ್ತಿಗಳ ತತ್ವಚರ್ಚೆಗೆ ಉದಾಹರಣೆಯಾಗಿ ಬಳಸಿಕೊಳ್ಳುತ್ತಾನೆ. ನನಗೆ ಅಲ್ಲಿ ಕಾಣುವುದು, ಬೇಡವೆಂದರೂ ಕೆಲಸಕ್ಕೆ ಇಳಿಸಿದ್ದರಿಂದ ಸತ್ತ ಒಬ್ಬ ಹೆಂಗಸು.

ನುಡಿಯಲು ಎಲ್ಲರಿಗೂ ಆವೇಶವೇ ಬೇಕಾಗಿರಲಿಲ್ಲ. ಕ್ರಿ.ಪೂ. 7ನೆಯ ಶತಮಾನದ ಜೆರೂಸಲೇಮಿನಲ್ಲಿ ದೇವಾಲಯದ ದುರಸ್ತಿ ನಡೆಯುವಾಗ ಒಂದು ಧರ್ಮಗ್ರಂಥ ಸಿಕ್ಕಿತು. ಅದನ್ನು ಓದಿಸಿ ಕೇಳಿದ ದೊರೆ ಯೋಷೀಯ ಬಟ್ಟೆ ಹರಿದುಕೊಂಡು, ಇದು ದಿಟವೇ ವಿಚಾರಿಸಿ ಬನ್ನಿ ಎಂದು ಮಹಾಯಾಜಕನೂ ಸೇರಿ ಐದು ಜನರನ್ನು ಕಳಿಸಿದ. ಅವರು ಹೋದದ್ದು ಹುಲ್ದಾ ಎಂಬ ಹೆಂಗಸಿನ ಮನೆಗೆ. ಅವಳ ಗಂಡ ವಸ್ತ್ರಭಂಡಾರ ನೋಡಿಕೊಳ್ಳುವವನು. ಪ್ರವಾದಿ ಯೆರೆಮೀಯ ಆ ಹೊತ್ತಿಗಾಗಲೇ ನುಡಿಯುತ್ತಿದ್ದ, ಆದರೂ ಹೋದದ್ದು ಅವಳಲ್ಲಿಗೆ. ಅವಳು ಕುಣಿಯಲಿಲ್ಲ, ನಡುಗಲಿಲ್ಲ. ಗ್ರಂಥ ದಿಟವೆಂದಳು, ನಾಡಿಗೆ ಕೇಡು ಕಾದಿದೆ ಎಂದಳು. ಒಂದು ಗ್ರಂಥಕ್ಕೆ ಹೆಣ್ಣೊಬ್ಬಳು ಪ್ರಮಾಣ ಕೊಟ್ಟ ಇಂಥ ಸಂದರ್ಭಗಳು ಜಗತ್ತಿನ ಧರ್ಮಗಳಲ್ಲಿ ಬಹಳ ಇಲ್ಲ. ಮುಂದೆ ಯೆಹೂದ್ಯರ ತಾಲ್ಮುದಿನ ಪಂಡಿತರು ಏನು ಮಾಡಿದರು ಗೊತ್ತೆ? ದೊರೆಯನ್ನು ದೊರೆ ಎನ್ನದೆ ಬರಿದೇ ‘ಆ ಮನುಷ್ಯ’ ಎಂದದ್ದು ಗರ್ವ, ಹೆಣ್ಣಿಗೆ ಗರ್ವ ಸಲ್ಲದು ಎಂದು ತಪ್ಪು ಹಿಡಿದರು. ಹುಲ್ದಾ ಎಂದರೆ ಮುಂಗುಸಿಯಂಥ ಪ್ರಾಣಿ, ಹೆಸರೇ ಕೆಟ್ಟದ್ದು ಎಂದರು.

ಈಗ ಆಫ್ರಿಕಾದ ತೆಂಕಣ ತುದಿಗೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

1856ರ ಏಪ್ರಿಲ್. ಗ್ಖಾರಾ ನದಿ ಸಮುದ್ರ ಸೇರುವ ಜಾಗದಲ್ಲಿ, ಹೊಲದಲ್ಲಿ ಹಕ್ಕಿ ಓಡಿಸಲು ಹೋಗಿದ್ದ ನೊಂಗ್‌ಕಾವುಸೆ ಎಂಬ ಹುಡುಗಿಗೆ ಇಬ್ಬರು ಅಪರಿಚಿತರು ಕಾಣಿಸಿಕೊಂಡರು. ಅವಳಿಗೆ ಹದಿನೈದರ ಆಸುಪಾಸು, ಖೋಸಾ ಜನಾಂಗದವಳು. ಸತ್ತ ಹಿರಿಯರು ಎದ್ದು ಬರುತ್ತಾರೆ; ಇರುವ ದನಗಳೆಲ್ಲ ಕೆಟ್ಟಿವೆ, ಕೊಂದುಬಿಡಿ; ಬಿತ್ತಬೇಡಿ, ಹೊಸ ಹಗೇವು ತೋಡಿಡಿ, ಹೊಸ ದನ ಹೊಸ ಕಾಳು ತಾವಾಗಿ ಬರುತ್ತವೆ. ಇದು ಅವಳು ತಂದ ಸುದ್ದಿ. ಅವಳ ಮನೆಯ ಹಿರಿಯನಾದ ಮ್‌ಹ್ಲಾಕಾಜಾ ಅದನ್ನು ಊರಿಗೆ ಸಾರಿದ. ದೊರೆ ಸರ್ಹಿಲಿ ಒಪ್ಪಿದ. ಒಪ್ಪಿದವರು, ಒಪ್ಪದವರು ಎಂದು ಮನೆಮನೆಯಲ್ಲಿ ಒಡಕಾಯಿತು. ಹದಿಮೂರು ತಿಂಗಳಲ್ಲಿ ಸುಮಾರು 4,00,000 ದನಗಳನ್ನು ಕೊಂದರು. ಹೇಳಿದ ದಿನ ಸತ್ತವರು ಏಳಲಿಲ್ಲ. ಸುಮಾರು 40,000 ಜನ ಹಸಿವಿನಿಂದ ಸತ್ತರು. ಬ್ರಿಟಿಷ್ ಕಾಫ್ರೇರಿಯ ಎಂಬ ಪ್ರಾಂತ್ಯದಲ್ಲಿದ್ದ 1,05,000 ಜನರಲ್ಲಿ 1858ರ ಕೊನೆಯ ಹೊತ್ತಿಗೆ 27,000 ಮಂದಿಯೂ ಉಳಿಯಲಿಲ್ಲ.

ಈ ಕಥೆಯನ್ನು ಒಬ್ಬ ಹುಡುಗಿ ಇಡೀ ಜನಾಂಗವನ್ನು ಮುಳುಗಿಸಿದ ಕಥೆಯೆಂದು ಬಹಳ ಕಾಲ ಹೇಳಿದರು. ಸುಳ್ಳು ಹೇಳುವವರಿಗೆ ಅವಳ ಹೆಸರಿಟ್ಟು ಬಯ್ಯುವುದೂ ಇತ್ತು. ನೀವೇ ಲೆಕ್ಕ ಹಾಕಿ. ಅದಕ್ಕೆ ಮೂರು ವರ್ಷ ಹಿಂದಷ್ಟೇ ಬ್ರಿಟಿಷರೊಡನೆ ದೀರ್ಘ ಯುದ್ಧ ಮುಗಿದು ಖೋಸಾ ಜನ ಸೋತಿದ್ದರು, ಭೂಮಿ ಹೋಗಿತ್ತು. 1853ರಲ್ಲಿ ಯೂರೋಪಿನಿಂದ ಹಡಗಿನಲ್ಲಿ ಬಂದಿಳಿದ ದನಗಳ ಜೊತೆ ಶ್ವಾಸಕೋಶದ ಅಂಟುರೋಗ ಬಂತು; ಕೊಟ್ಟಿಗೆಯಲ್ಲಿ ಕಟ್ಟಿದ ದನ ಉಸಿರುಗಟ್ಟಿ ಕಣ್ಣೆದುರೇ ಸಾಯುತ್ತಿತ್ತು. ದನಗಳು ಹೇಗೂ ಸಾಯುತ್ತವೆ ಎಂದು ಕಂಡ ಜನಕ್ಕೆ, ಅವು ಕೆಟ್ಟಿವೆ ಎಂಬ ಮಾತು ಹುಚ್ಚೆಂದು ತೋರುವುದು ಹೇಗೆ? ದೊರೆ, ಹಿರಿಯರು, ದಂಡನಾಯಕರು ತಿಂಗಳುಗಟ್ಟಲೆ ಕೂತು ತೀರ್ಮಾನಿಸಿದ ವಿಷಯವಿದು. ಹಸಿದು ಬಂದವರಿಗೆ ಗವರ್ನರ್ ಜಾರ್ಜ್ ಗ್ರೇ ಕೂಲಿಯ ಕರಾರಿನ ಮೇಲೆ ಅನ್ನ ತೋರಿಸಿದ, ಖಾಲಿಯಾದ ನೆಲವನ್ನು ಬಿಳಿಯರಿಗೆ ಹಂಚಿದ. ಇತಿಹಾಸಕಾರ ಜೆಫ್ ಪೈರಿಸ್ 1989ರ ತಮ್ಮ ಪುಸ್ತಕದಲ್ಲಿ ಇದನ್ನೆಲ್ಲ ಬಿಡಿಸಿ ತೋರಿಸಿದ್ದಾರೆ. ನೊಂಗ್‌ಕಾವುಸೆ ಹೇಳಿದ್ದು ಸತ್ಯವಾಗಿರಲಿಲ್ಲ, ಅದರಿಂದಾದ ಅನಾಹುತ ಸಣ್ಣದಲ್ಲ. ಆದರೆ ಹೊಣೆಯೆಲ್ಲ ಅವಳ ತಲೆಗೆ ಕಟ್ಟಿದ್ದು ಅನ್ಯಾಯ ಎಂದು ನನ್ನ ದೃಢವಾದ ಅಭಿಪ್ರಾಯ.

ಅವಳನ್ನು ಹಿಡಿದರು, ಹೇಳಿಕೆ ಬರೆಸಿಕೊಂಡರು, ಫೋಟೋ ತೆಗೆದರು. ಆ ಫೋಟೋ ಉಳಿದಿದೆ. ಅವಳ ಪಕ್ಕದಲ್ಲಿ ನೊನ್‌ಕೋಸಿ ಎಂಬ ಇನ್ನೂ ಚಿಕ್ಕ ಹುಡುಗಿ, ಅವಳೂ ನುಡಿದವಳೇ. ಇಬ್ಬರಿಗೂ ಯಾರೋ ತೊಡಿಸಿದ ಪರದೇಶದ ಉಡುಪು, ಕ್ಯಾಮೆರಾ ಕಡೆ ನಗುವಿಲ್ಲದ ನೋಟ. ಆ ಚಿತ್ರ ನೋಡಿದಾಗೆಲ್ಲ ನನಗೆ ಮಾರಿಯ ಕಾಗದ ನೆನಪಾಗುತ್ತದೆ. ಒಂದೆಳೆ ಕೂದಲು, ಸೆರಗಿನ ಅಂಚು.

ಅದೇ ದಿಕ್ಕಿನ ಇನ್ನೊಂದು ಫೋಟೋ ಇದೆ, ಇಂದಿನ ಜಿಂಬಾಬ್ವೆಯದು. ಶೋನಾ ಜನರ ನಂಬಿಕೆಯಲ್ಲಿ ನೆಹಾಂಡಾ ಎಂಬುದು ನಾಡನ್ನು ಕಾಯುವ ಹಿರಿಯಳ ಚೇತನ, ಕಾಲಕಾಲಕ್ಕೆ ಒಬ್ಬೊಬ್ಬ ಹೆಂಗಸಿನ ಮೈದುಂಬುತ್ತದೆ. ಮಜೋವೆ ಕಣಿವೆಯಲ್ಲಿ ಹಾಗೆ ಮೈದುಂಬುತ್ತಿದ್ದವಳು ಚಾರ್ವೆ. 1896ರಲ್ಲಿ ಬಿಳಿಯರ ಕಂಪನಿ ಆಡಳಿತದ ಮೇಲೆ ಶೋನಾ ಜನ ತಿರುಗಿಬಿದ್ದರು. ಪೊಲಾರ್ಡ್ ಎಂಬ ಅಧಿಕಾರಿಯನ್ನು ಕೊಲ್ಲಿಸಿದಳೆಂದು ಚಾರ್ವೆಯ ಮೇಲೆ ಮೊಕದ್ದಮೆ ಹೂಡಿದರು. ಸೆರೆಯಲ್ಲಿದ್ದಾಗ ಪಾದ್ರಿಯೊಬ್ಬರು ದೀಕ್ಷೆ ಕೊಡಲು ಬಂದರು. ಜೊತೆಯ ಕೈದಿ, ಕಾಗುವಿ ಎಂಬ ಚೇತನ ಮೈದುಂಬುತ್ತಿದ್ದ ಗಂಡಸು, ಒಪ್ಪಿದ. ಅವಳು ಒಪ್ಪಲಿಲ್ಲ. 1898ರ ಏಪ್ರಿಲ್ 27ರಂದು ಗಲ್ಲಿಗೇರಿಸಿದರು. ಕೊಲೆಯಲ್ಲಿ ಅವಳ ಕೈವಾಡ ನಿಜವಾಗಿ ಎಷ್ಟಿತ್ತು ಎಂದು ಇತಿಹಾಸಕಾರ ಡೇವಿಡ್ ಬೀಚ್ ನೂರು ವರ್ಷದ ಮೇಲೆ ಗಂಭೀರ ಸಂದೇಹ ಎತ್ತಿದರು. ನನ್ನ ಮೂಳೆಗಳು ಮತ್ತೆ ಏಳುತ್ತವೆ ಎಂದು ಅವಳು ಹೇಳಿ ಸತ್ತಳೆಂದು ಜನ ನಂಬಿದರು. 1970ರ ದಶಕದ ಸ್ವಾತಂತ್ರ್ಯ ಹೋರಾಟದಲ್ಲಿ ಗೆರಿಲ್ಲಾ ಪಡೆಯ ಹುಡುಗರು ಆ ಕಾಲದ ನೆಹಾಂಡಾ ಮೈದುಂಬುವ ಹಣ್ಣುಹಣ್ಣು ಮುದುಕಿಯನ್ನು ಹುಡುಕಿ, ಗಡಿಯಾಚೆಯ ತಮ್ಮ ಶಿಬಿರಕ್ಕೆ ಕರೆದೊಯ್ದು ಅವಳ ಅಪ್ಪಣೆ ಕೇಳಿದರು. 2021ರ ಮೇ 25ರಂದು ಹರಾರೆಯ ನಡುವೀದಿಯಲ್ಲಿ ಚಾರ್ವೆಯ ಪ್ರತಿಮೆ ನಿಂತಿತು. ಹೀಗೆ ಒಬ್ಬಳು ಜನಾಂಗ ಕೆಡಿಸಿದವಳಾದಳು, ಒಬ್ಬಳು ನಾಡಿನ ತಾಯಿಯಾದಳು. ಇಬ್ಬರ ಮುಖವನ್ನೂ ಲೋಕ ಕಂಡದ್ದು ಸೆರೆಯಲ್ಲಿಟ್ಟವರು ತೆಗೆದ ಚಿತ್ರದಲ್ಲಿ.

ಕೊರಿಯಾದ ಮುದಂಗ್‌ಗಳ ಬಗ್ಗೆ ಒಂದೆರಡು ಮಾತು. ದೈವ ಮೈದುಂಬಿ ನುಡಿಯುವ ಇವರಲ್ಲಿ ಹೆಚ್ಚಿನವರು ಹೆಂಗಸರೇ. ಜೋಸೋನ್ ದೊರೆಗಳ ಕಾಲದಲ್ಲಿ ಅವರನ್ನು ಕೀಳುಜಾತಿಯೆಂದು ಎಣಿಸಿದರು, ರಾಜಧಾನಿಯಿಂದ ಹೊರಗಟ್ಟಿದರು, ಹಾಗೆಯೇ ತೆರಿಗೆಯನ್ನೂ ಎತ್ತಿದರು. ದೈವ ಬಂದದ್ದು ದಿಟವೆಂದು ತೋರಿಸಲು ಮೇವು ಕೊಚ್ಚುವ ಕತ್ತಿಯ ಅಲಗಿನ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ನಮ್ಮ ನೆರೆಯ ಸಿಕಂದರಾಬಾದಿನ ಉಜ್ಜಯಿನಿ ಮಹಾಕಾಳಿ ಗುಡಿಯಲ್ಲಿ ಬೋನಾಲು ಹಬ್ಬದ ಮರುದಿನ ನುಡಿಯುವ ಹೆಂಗಸು ನಿಲ್ಲುವುದು ಸುಡದ ಹಸಿ ಮಡಕೆಯ ಮೇಲೆ. ಪರೀಕ್ಷೆ ಎಲ್ಲೆಲ್ಲೂ ಮೈಗೇ. 1970ರ ದಶಕದಲ್ಲಿ ಮೂಢನಂಬಿಕೆ ತೊಲಗಿಸುವ ಹೆಸರಲ್ಲಿ ಮುದಂಗ್‌ಗಳನ್ನು ಅಟ್ಟಾಡಿಸಿದ ಅದೇ ದಕ್ಷಿಣ ಕೊರಿಯಾ 1985ರಲ್ಲಿ ಕಿಮ್ ಕುಮ್-ಹ್ವಾ ಎಂಬ ಮುದಂಗಳನ್ನು ದೇಶದ ಸಾಂಸ್ಕೃತಿಕ ಆಸ್ತಿಯೆಂದು ಮಾನ್ಯ ಮಾಡಿತು.

ನಮ್ಮಲ್ಲಿ ಕಣಿ ಹೇಳುವ ಕೆಲಸ ಮಾಡಿದವಳು ಕೊರವಂಜಿ. ಕಂಕುಳಲ್ಲಿ ಬುಟ್ಟಿ, ಬೆನ್ನಿಗೆ ಕಟ್ಟಿದ ಕೂಸು, ಕೈಯಲ್ಲಿ ಕೋಲು. ತಿರುಪತಿಯ ಶ್ರೀನಿವಾಸ ಪದ್ಮಾವತಿಯ ತಾಯಿಗೆ ಮಗಳ ಮನಸ್ಸಿನ ಮಾತು ಮುಟ್ಟಿಸಬೇಕಾದಾಗ ತೊಟ್ಟದ್ದು ಇವಳ ವೇಷವನ್ನೇ. ದೇವರಾಗಿ ಹೋಗಿದ್ದರೆ ಒಳಮನೆಗೆ ಬಿಡುತ್ತಿರಲಿಲ್ಲ. 1942ರಲ್ಲಿ ರಾಶಿಯವರು ತಮ್ಮ ಹಾಸ್ಯಪತ್ರಿಕೆಗೆ ಇವಳ ಹೆಸರನ್ನೇ ಇಟ್ಟರು. ಕಥೆಯಲ್ಲಿ, ರಂಗದ ಮೇಲೆ ಇಷ್ಟು ಮರ್ಯಾದೆ. ಬೀದಿಯಲ್ಲಿ? 1871ರ ಅಪರಾಧಿ ಬುಡಕಟ್ಟು ಕಾಯಿದೆಯನ್ನು ಬ್ರಿಟಿಷರು 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ಹಬ್ಬಿಸಿದರು, ಕೊರವರನ್ನು ಹುಟ್ಟುಕಳ್ಳರ ಪಟ್ಟಿಗೆ ಸೇರಿಸಿದರು. ಕಣಿ ಹೇಳುವ ನೆಪದಲ್ಲಿ ಹೆಂಗಸರು ಮನೆಯ ಗುಟ್ಟು ನೋಡಿಕೊಂಡು ಹೋಗುತ್ತಾರೆ ಎಂಬುದು ಪೊಲೀಸರ ಮಾತಾಯಿತು. ಕಾಯಿದೆ ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ; ಅದು ಇಂಥ ಬುಡಕಟ್ಟಿನವರನ್ನು ತಂತಿಬೇಲಿಯೊಳಗೆ ಕೂಡಿಹಾಕಿದ ಕಾಲದ ಗುರುತು.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಜಗಲಿಗೆ ಕಣಿಯವಳು ಬಂದ ಒಂದು ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಗಂಡಸರು ಹೊಲಕ್ಕೆ ಹೋಗಿದ್ದರು. ಅಜ್ಜಿ ಮೊರದಲ್ಲಿ ಅಕ್ಕಿ, ಮೇಲೆ ಎಲೆ ಅಡಿಕೆ ಇಟ್ಟು ಕೈ ಚಾಚಿದಳು. ಕೋಲಿನ ತುದಿಯನ್ನು ಅಂಗೈ ಗೆರೆಯ ಮೇಲೆ ಊರಿ ಅವಳು ಕೇಳಿದಳು: “ಎಷ್ಟು ಹೆತ್ತೆ ಅವ್ವಾ, ಎಷ್ಟು ಉಳಕೊಂಡ್ವು?”

“ಏಳು ಹೆತ್ತೆ ಕಣವ್ವ, ಐದು ಉಳಿದ್ವು.”

“ಹೋದ ಎರಡರ ಹೆಸರು ಹೇಳು.”

ಅಜ್ಜಿ ಹೇಳಿದಳು. ಗೌರಿ, ಸಣ್ಣಮ್ಮ. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಆಡದ ಎರಡು ಹೆಸರು. ಅಜ್ಜಿ ಅತ್ತಳು, ಕಣಿಯವಳು ಕೈ ಬಿಡದೆ ಸುಮ್ಮನೆ ಕೂತಿದ್ದಳು. ಆಮೇಲೆ ಮಳೆ, ಬೆಳೆ, ಮಗನ ಮದುವೆ ಎಂದು ಏನೇನೋ ಹೇಳಿದಳು. ಅದರಲ್ಲಿ ಯಾವುದು ನಿಜವಾಯಿತು, ಯಾವುದು ಆಗಲಿಲ್ಲ ಎಂದು ಯಾರೂ ಲೆಕ್ಕ ಇಡಲಿಲ್ಲ. ಸಾಯುವವರೆಗೂ ಅಜ್ಜಿ ಆ ಮಧ್ಯಾಹ್ನದ ಮಾತೆತ್ತುತ್ತಿದ್ದಳು. ನನ್ನ ಇಬ್ಬರು ಅತ್ತೆಯರ ಹೆಸರು ನನಗೆ ತಿಳಿದದ್ದು ಕಣಿಯವಳಿಂದ. ಅವಳ ಹೆಸರನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹೆಸರು ಕೇಳಿ ಬರೆದಿಟ್ಟವರೂ ಇದ್ದರು. ಅಸಿರಿಯಾದ ದೊರೆ ಎಸರ್‌ಹದ್ದೋನ್ ಕ್ರಿ.ಪೂ. 681ರಿಂದ 669ರವರೆಗೆ ಆಳಿದ. ಅರ್ಬೇಲಾ ಊರಿನ ಇಷ್ಟಾರ್ ದೇವಿಯ ಹೆಸರಲ್ಲಿ ಅವನಿಗೆ ಬಂದ ನುಡಿಗಳನ್ನು ನಿನೆವೆಯ ಲಿಪಿಕಾರರು ಹಲಗೆಗಳ ಮೇಲೆ ಒಟ್ಟುಮಾಡಿ ಬರೆದಿಟ್ಟರು. ನುಡಿದವರಲ್ಲಿ ಹೆಂಗಸರೇ ಹೆಚ್ಚು. ಹಲವು ನುಡಿಗಳು ಮುಗಿದಲ್ಲಿ ಆ ಲಿಪಿಕಾರರು ಒಂದು ಸಾಲು ಸೇರಿಸಿದ್ದಾರೆ: ಇದು ಇಂಥ ಊರಿನ ಇಂಥವಳ ಬಾಯಿಂದ. ಅರ್ಬೇಲಾದ ಸಿನ್ಕಿಶಾ-ಅಮುರ್, ಬೆಟ್ಟದ ಹಳ್ಳಿ ದಾರಾಹುಯಾದ ರೆಮುತ್ತಿ-ಅಲ್ಲತಿ. ಮಹಾ ಸಾಮ್ರಾಜ್ಯದ ಕಡತದಲ್ಲಿ ಬೆಟ್ಟದ ಹಳ್ಳಿಯ ಹೆಂಗಸಿನ ಹೆಸರು, ಊರ ಹೆಸರಿನ ಸಮೇತ, 2,600 ವರ್ಷ ದಾಟಿ ನಮಗೆ ಓದಲು ಸಿಗುತ್ತದೆ.

ಜಾನಪದ ಓದುತ್ತಿರುವ ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಸವದತ್ತಿಯ ಗುಡ್ಡದಲ್ಲಿ, ಸಿರಿ ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕಣಿ ಹೇಳುವವಳು, ಮೈದುಂಬಿ ನುಡಿಯುವವಳು ಸಿಕ್ಕರೆ ಫೋನು ತೆಗೆದು ಫೋಟೋ ಹೊಡೆಯುವ ಮುನ್ನ ಅವಳ ಪಕ್ಕ ಕೂತುಕೊಳ್ಳಿ. ನಿಮ್ಮ ಹೆಸರು ಹೇಳಿ, ಅವಳ ಹೆಸರು ಕೇಳಿ. ಬರೆದುಕೊಳ್ಳಬಹುದೇ ಎಂದು ಕೇಳಿ, ಬೇಡವೆಂದರೆ ಬಿಡಿ. ಒಪ್ಪಿದರೆ ಪುಸ್ತಕದ ಮೊದಲ ಸಾಲಿನಲ್ಲೇ ಬರೆಯಿರಿ, ಯಾವ ಊರಿನವಳು, ಯಾರ ಬಾಯಿಂದ.